ಟೈಪ್ ಮಾಡಿದ್ದು ತಂಗಿ, ಮಾತು ನನ್ನದು

ನನಗೆ ಬಲಗಣ್ಣು ಕಾಣುವುದಿಲ್ಲ. ಎಡಗಣ್ಣಿಗೆ ಎಲ್ಲವೂ ಮಂಜು ಮಂಜು. ಶಿವಮೊಗ್ಗದಲ್ಲಿ ಎಂ.ಎ. ಓದುವಾಗ ಅಂಗವೈಕಲ್ಯ ಅಧ್ಯಯನದ ಮೇಲೆ ಬರೆದ ಮೊದಲ ಪ್ರಬಂಧ ಕದ್ದದ್ದು.

ಓದಲು ಕೊಟ್ಟದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದರಲ್ಲಿ ಇರುವುದು ಪುಟದ ಚಿತ್ರ, ಅಕ್ಷರ ಅಲ್ಲ. ನನಗೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಸುಮ್ನೆ ಕೂತಿತು. ಕನ್ನಡದ ಟಿಪ್ಪಣಿ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿತ್ತು, ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದಿತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜೋರು ಮಳೆ, ಕರೆಂಟಿಲ್ಲ, ಬೆಳಿಗ್ಗೆ ಪ್ರಬಂಧ ಕೊಡಬೇಕು. ಮೊಬೈಲಿನಲ್ಲಿ ಸಿಕ್ಕ ಎರಡು ಪುಟ ಹಾಗೇ ಇಳಿಸಿಬಿಟ್ಟೆ.

ಮೇಡಂ ಒಂದೇ ಪ್ರಶ್ನೆ ಕೇಳಿದರು. "1976ರಲ್ಲಿ ಯುಪಿಯಾಸ್ ಏನು ಹೇಳಿತು ಅಂತ ಬರೆದಿದ್ದೀಯಲ್ಲ, ಅವರು ಯಾರು?" ಮಾತೇ ಹೊರಡಲಿಲ್ಲ. ಬ್ರಿಟನ್ನಿನ ಅಂಗವಿಕಲರೇ ಕಟ್ಟಿದ ಸಂಘಟನೆ ಅದು. ದೇಹದ ಕೊರತೆ ಬೇರೆ, ಆ ದೇಹಕ್ಕೆ ಸಮಾಜ ಹಾಕುವ ಅಡ್ಡಿ ಬೇರೆ ಎಂದವರು. ನನ್ನ ಬದುಕಿನ ಬಗ್ಗೆಯೇ ಅವರು ಮಾತಾಡಿದ್ದರು, ನಾನು ಓದಿಯೇ ಇರಲಿಲ್ಲ.

"ಓದಲಾಗುವ ಫೈಲ್ ಬೇಕು ಅಂತ ನನ್ನನ್ನು ಕೇಳಬೇಕಿತ್ತು. ಅದು ನಿನ್ನ ಹಕ್ಕು" ಎಂದು ಒಂದು ವಾರ ಕೊಟ್ಟರು. ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಆದರೆ ಪುಟಕ್ಕಿಷ್ಟು ದುಡ್ಡು ತಗೊಂಡು ಪ್ರಬಂಧ ಬರೆದುಕೊಡುವವರೂ ಇದ್ದಾರೆ. ಅದು ಅನುಕೂಲ ಅಲ್ಲ.

ಗೆರೆ ಎಲ್ಲಿದೆ ಎಂದು ನನಗೆ ತಿಳಿದದ್ದು ಚಿಕ್ಕಮ್ಮನ ಮಗಳಿಂದ. ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡಿದಳು. ನಾನು ಹೇಳಿದ್ದು, "ಬಸ್ಸಿನ ಬೋರ್ಡು ನನಗೆ ಓದಲು ಆಗುವಂತೆ ಇಲ್ಲ." ಮರುದಿನ ತಂತ್ರಾಂಶ ಓದಿದ್ದು, "ಬಸ್ಸಿನ ಬೋರ್ಡು ಓದಲು ನನಗೆ ಆಗುವುದಿಲ್ಲ." ವಾಕ್ಯ ಚೆನ್ನಾಗಿರಲಿ ಅಂತ ತಿದ್ದಿದ್ದಳು ಪಾಪ, ಪ್ರೀತಿಯಿಂದಲೇ. ಆದರೆ ತಪ್ಪು ಬೋರ್ಡಿನಿಂದ ನನ್ನ ಕಣ್ಣಿಗೆ ಬಂದುಬಿಟ್ಟಿತ್ತು! ನನ್ನ ಇಡೀ ಪ್ರಬಂಧ ನಿಂತಿದ್ದೇ ಆ ವ್ಯತ್ಯಾಸದ ಮೇಲೆ, ಅಲ್ವಾ? ಅವಳಿಗೆ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಅಳಿಸಿ ಮೊದಲಿನಂತೆ ಹಾಕಿದಳು.

ಆಮೇಲೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ಕಾಗುಣಿತ ಅವಳು ತಿದ್ದಬಹುದು, ವಾಕ್ಯ ಮುಟ್ಟುವ ಮೊದಲು ಕೇಳಬೇಕು. ಪುಸ್ತಕದಿಂದ ಏನಾದರೂ ತೆಗೆದುಕೊಂಡರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಮೊದಲು ಲೇಖಕರ ಹೆಸರು, ಪುಟ ಹೇಳುತ್ತೇನೆ, ಆಮೇಲೆ ಅವರ ಮಾತು. ಇಲ್ಲದಿದ್ದರೆ ಎರಡು ದಿನದಲ್ಲಿ ಯಾವುದು ಅವರದು, ಯಾವುದು ನನ್ನದು ಅಂತ ಗೊತ್ತಾಗುವುದಿಲ್ಲ. ಕಣ್ಣಾಡಿಸಿ ಹುಡುಕಲು ನನಗೆ ಆಗದಿರುವುದರಿಂದ ಇದರಲ್ಲಿ ಜಾಸ್ತಿ ಎಚ್ಚರ ಬೇಕು.

ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ನಿಯಮ ತಂದಿದೆ. ಪ್ರೌಢಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10%ಗಿಂತ ಜಾಸ್ತಿ ಇದ್ದರೆ ಅದರಡಿ ಶಿಕ್ಷೆ ಇದೆ. ತರಗತಿಯ ಪ್ರಬಂಧ, ಅಸೈನ್‌ಮೆಂಟ್ ಅದರಡಿ ಬರುವುದಿಲ್ಲ. ಗೆಳೆಯರು ಇದನ್ನೇ ಹಿಡಿದು "ಹಾಗಾದರೆ ನಡೆಯುತ್ತೆ" ಎಂದಾಗ ನನಗೆ ಬೇಸರವಾಗುತ್ತದೆ. ಅಂಗವಿಕಲರಾದ ನಮ್ಮ ಬಗ್ಗೆ ಬೇರೆಯವರೇ ಬರೆದದ್ದು ಸಾಕಷ್ಟಿದೆ, ಇನ್ನಾದರೂ ನಮ್ಮ ಮಾತು ನಾವೇ ಬರೆಯಬೇಕು.

ಎರಡನೇ ಪ್ರಬಂಧದ ಕೊನೆಗೆ ಒಂದು ಸಾಲು ಸೇರಿಸಿದೆ: ಇದನ್ನು ನಾನು ಹೇಳಿದಂತೆ ಟೈಪ್ ಮಾಡಿದವಳು ನನ್ನ ತಂಗಿ. ಮೇಡಂ ಆ ಸಾಲಿನ ಕೆಳಗೆ ದಪ್ಪ ಪೆನ್ನಿನಲ್ಲಿ, ನನಗೂ ಕಾಣುವಷ್ಟು ದೊಡ್ಡದಾಗಿ, ಗೆರೆ ಎಳೆದಿದ್ದರು.