ಬಾಯಿ ತೆಗ್ಸಿ ನೋಡ್ರಪ್ಪ ಮೊದ್ಲು: ಎಎಂಎಲ್ (ಜೋರಾಗಿ ಬರೋ ಒಂದು ಥರದ ರಕ್ತದ ಕ್ಯಾನ್ಸರ್) ಯಾವ ಟೈಪು ಅಂತ ಬೆಡ್ ಹತ್ರನೇ ಅಂದಾಜು ಮಾಡೋದು

ಮೈಸೂರಲ್ಲಿ ಹೌಸ್ ಸರ್ಜನ್ಸಿಗೆ ಬರೋ ಜೂನಿಯರ್ಸ್ ಎಲ್ಲಾ ಎಎಂಎಲ್ ಟೈಪುಗಳನ್ನ ಎಂ0 ಇಂದ ಎಂ7 ವರ್ಗೂ ಬಾಯಿಪಾಠ ಮಾಡ್ಕೊಂಡೇ ಬರ್ತಾರೆ, ಪೇಷಂಟ್ ಮುಂದೆ ನಿಲ್ಸಿ ಕೇಳಿದ್ರೆ ಮಾತ್ರ ಎಲ್ಲಾ ಹಾರೋಗತ್ತೆ. ನಂದೂ ಅದೇ ಕಥೆ ಆಗಿತ್ತು ಬಿಡಿ. ಈ ಎಫ್‌ಎಬಿ ಪಟ್ಟಿ (ಫ್ರೆಂಚ್, ಅಮೆರಿಕನ್, ಬ್ರಿಟಿಷ್ ಡಾಕ್ಟ್ರುಗಳು ಸೇರಿ ಮಾಡಿದ್ದು) 1976ರದ್ದು, ಆಗ ಎಂ1 ಇಂದ ಎಂ6 ಮಾತ್ರ ಇತ್ತು, ಎಂ7, ಎಂ0 ಆಮೇಲೆ ಸೇರಿದ್ದು. ಈಗ ಹೆಸರಿಡೋದು ಹೆಚ್ಚಾಗಿ ಜೀನ್ ನೋಡಿ, ಆದ್ರೂ ವಾರ್ಡಲ್ಲಿ ಇನ್ನೂ ಎಂ3, ಎಂ5 ಅಂತಾನೇ ಮಾತಾಡೋದು.

ಸುಸ್ತು, ಜ್ವರ, ರಕ್ತ ಸೋರೋದು ಈ ಮೂರೂ ಎಲ್ಲಾ ಟೈಪಲ್ಲೂ ಬರತ್ತೆ, ಅದ್ರಿಂದ ಟೈಪ್ ಗೊತ್ತಾಗಲ್ಲ. ಹುಡುಕ್ಬೇಕಾಗಿರೋದು ಈ ಮೂರು ಬಿಟ್ಟು ಜಾಸ್ತಿ ಕಾಣೋದೇನು ಅಂತ.

ಎಂ3 ಒಂದನ್ನ ಯಾವ ಕಾರಣಕ್ಕೂ ಮಿಸ್ ಮಾಡ್ಬೇಡಿ, ಉಳಿದಿದ್ದೆಲ್ಲಾ ನಾಳೆ ತಿಳ್ಕೊಂಡ್ರೂ ನಡೆಯತ್ತೆ. ಮದ್ದೂರು ಕಡೆಯಿಂದ ಒಬ್ರು ಬಂದಿದ್ರು, ಕಬ್ಬು ಕಡಿಯೋ ಕೆಲ್ಸ, ಮಳೆಗಾಲ ಬೇರೆ, ಪ್ಲೇಟ್ಲೆಟ್ ಕಮ್ಮಿ ಅಂತ ಊರ ಹತ್ರ ಡೆಂಗ್ಯೂ ಅಂದ್ಕೊಂಡು ನಾಲ್ಕು ದಿನ ಡ್ರಿಪ್ ಹಾಕಿ ಕಳಿಸಿದ್ರು. ರಕ್ತ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಹಿಡಿದ್ರೆ ಅರ್ಧ ಗಂಟೆ ಆದ್ರೂ ಒದ್ದೆ ಒದ್ದೆ, ತೋಳಲ್ಲಿ ಬಿಪಿ ಪಟ್ಟಿ ಕಟ್ಟಿದ್ದ ಕಡೆಯೆಲ್ಲಾ ಕೆಂಪು ಚುಕ್ಕೆ, ಹಿಮೋಗ್ಲೋಬಿನ್ 6. ಡೆಂಗ್ಯೂನಲ್ಲಿ ರಕ್ತ ಗಟ್ಟಿಯಾಗಿ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಏರೋದು ಮಾಮೂಲಿ, ಎಲ್ಲೂ ಜೋರಾಗಿ ಬ್ಲೀಡ್ ಆಗ್ದೇ ಹಿಮೋಗ್ಲೋಬಿನ್ 6ಕ್ಕೆ ಬಿದ್ದಿದೆ ಅಂದ್ರೆ ಅಲ್ಲೇ ಅನುಮಾನ ಬರ್ಬೇಕು. ಪಿಟಿ (ರಕ್ತ ಹೆಪ್ಪುಗಟ್ಟೋಕೆ ಹಿಡಿಯೋ ಟೈಮು) ಉದ್ದ, ಹೆಪ್ಪುಗಟ್ಟಕ್ಕೆ ಬೇಕಾದ ಫೈಬ್ರಿನೋಜನ್ ತಳ ಕಂಡಿತ್ತು, ಸ್ಮಿಯರಲ್ಲಿ (ಗಾಜಿನ ಮೇಲೆ ಹರಡಿದ ರಕ್ತ) ಆವರ್ ರಾಡ್ಸ್, ಅಂದ್ರೆ ಕ್ಯಾನ್ಸರ್ ಕಣದೊಳಗಿನ ಕಡ್ಡಿಗಳು, ಸೌದೆ ಕಟ್ಟಿನ ಥರ ಗುಂಪು ಗುಂಪು. 15 ಮತ್ತು 17ನೇ ಕ್ರೋಮೋಸೋಮ್ ತುಂಡು ಅದಲುಬದಲಾಗಿ ಆಗೋ ಖಾಯಿಲೆ ಈ ಎಂ3, ಆ ರಿಪೋರ್ಟ್ ಬರೋವರ್ಗೂ ಕಾಯೋ ಹಂಗಿಲ್ಲ, ಅನುಮಾನ ಬಂದ ರಾತ್ರಿನೇ ಸೀನಿಯರ್‌ಗೆ ಫೋನ್ ಮಾಡಿ ಆಟ್ರಾ (ವಿಟಮಿನ್ ಎ ಜಾತಿಯ ಔಷಧಿ) ಕ್ಯಾಪ್ಸೂಲ್ ಶುರು ಮಾಡ್ಸಿ, ಯಾಕಂದ್ರೆ ಮೊದಲ ದಿನಗಳಲ್ಲೇ ತಲೆಯೊಳಗೆ ಬ್ಲೀಡ್ ಆಗಿ ಜೀವ ಹೋಗೋದು. ದಾಟ್ಕೊಂಡ್ರೆ ಆಟ್ರಾ ಜೊತೆ ಆರ್ಸೆನಿಕ್ ಕೊಟ್ಟು ಬಹುಪಾಲು ಜನ ವಾಸಿ ಆಗ್ತಾರೆ. ಇನ್ನೊಂದು, ಇವ್ರಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಕಮ್ಮಿನೇ ಇರತ್ತೆ, ಲ್ಯುಕೀಮಿಯಾ ಅಂದ್ರೆ ಕೌಂಟ್ ಜಾಸ್ತಿ ಅಂದ್ಕೊಂಡ್ರೆ ಕೆಟ್ರಿ.

ಆಮೇಲೆ ವಸಡು. ಟಾರ್ಚ್ ಹಿಡ್ಕೊಂಡು ಬಾಯಿ ತೆಗ್ಸಿ, ವಸಡು ಊದಿ ಹಲ್ಲಿನ ಅರ್ಧ ಮುಚ್ಕೊಂಡಿದ್ರೆ ಎಂ4 ಅಥವಾ ಎಂ5, ಮಾನೋಸೈಟ್ (ಒಂದು ಥರದ ಬಿಳಿ ರಕ್ತಕಣ) ಜಾತಿ. ಎಷ್ಟೋ ಜನ ಮೊದ್ಲು ಹಲ್ಲಿನ ಡಾಕ್ಟ್ರ ಹತ್ರನೇ ಹೋಗಿರ್ತಾರೆ. ಫಿಟ್ಸಿಗೆ ಫೆನಿಟಾಯಿನ್, ಬಿಪಿಗೆ ಆಮ್ಲೋಡಿಪಿನ್ ತಗೋಳ್ತಿದ್ರೂ ವಸಡು ಊದತ್ತೆ, ಸೋ ಮಾತ್ರೆ ಚೀಟಿ ಕೇಳಿ. ಮೈಮೇಲೆ ಗಟ್ಟಿ ಗಂಟು, ತಲೆನೋವು ವಾಂತಿ, ಪೊಟ್ಯಾಷಿಯಂ ಕಮ್ಮಿ, ಇವೂ ಈ ಗುಂಪಲ್ಲೇ ಜಾಸ್ತಿ. ಬಿಳಿ ಕಣದ ಕೌಂಟ್ 1 ಲಕ್ಷ ದಾಟಿ ಪೇಷಂಟ್ ಏದುಸಿರು ಬಿಡ್ತಾ ಮಂಕಾಗ್ತಿದ್ರೆ ಅದು ಎಮರ್ಜೆನ್ಸಿ, ಹಿಮೋಗ್ಲೋಬಿನ್ ಕಮ್ಮಿ ಇದೆ ಅಂತ ಅವಸರಕ್ಕೆ ರಕ್ತ ಏರಿಸ್ಬೇಡಿ, ಇನ್ನೂ ಗಟ್ಟಿಯಾಗತ್ತೆ.

ಮಗು ಕಣ್ಣುಗುಡ್ಡೆ ಒಂದು ಕಡೆ ಮುಂದೆ ಬಂದಿದ್ರೆ ಕ್ಲೋರೋಮಾ (ಲ್ಯುಕೀಮಿಯಾ ಕಣಗಳದ್ದೇ ಗಡ್ಡೆ) ನೆನಪಿರ್ಲಿ, ಎಂ2ನಲ್ಲಿ 8 ಮತ್ತು 21ನೇ ಕ್ರೋಮೋಸೋಮ್ ತುಂಡು ಅದಲುಬದಲಾದಾಗ ಬರೋದು ಜಾಸ್ತಿ. ಕತ್ತರಿಸಿದಾಗ ಹಸಿರು ಕಾಣತ್ತೆ, ಆ ಕಣಗಳಲ್ಲಿರೋ ಮೈಲೋಪೆರಾಕ್ಸಿಡೇಸ್ ಅನ್ನೋ ಕಿಣ್ವದ ದೆಸೆಯಿಂದ, ಹೆಸರು ಬಂದಿದ್ದೂ ಅದಕ್ಕೇ.

ಡೌನ್ ಸಿಂಡ್ರೋಮ್ ಇರೋ ಪುಟ್ಟ ಮಗು, ಬೋನ್ ಮ್ಯಾರೋಗೆ ಸೂಜಿ ಹಾಕಿದ್ರೆ ಏನೂ ಬರ್ತಿಲ್ಲ ಅಂದ್ರೆ ಎಂ7 ಕಡೆ ನೋಡಿ, ಒಳಗೆ ನಾರು ಕಟ್ಕೊಂಡಿರತ್ತೆ, ಬಯಾಪ್ಸಿನೇ ಬೇಕು. ಈ ಮಕ್ಕಳು ಔಷಧಿಗೆ ಚೆನ್ನಾಗೇ ಬಗ್ಗುತ್ತವೆ, ಅಪ್ಪ ಅಮ್ಮನಿಗೆ ಅದನ್ನ ಹೇಳಿ. ಎಂ6 ವಯಸ್ಸಾದೋರಲ್ಲಿ ಜಾಸ್ತಿ, ಮ್ಯಾರೋ ನೋಡಕ್ಕೆ ಬಿ12 ಕೊರತೆ ಥರಾನೇ ಇರತ್ತೆ, ಬಿ12 ಟೆಸ್ಟ್ ಮಾಡಿಸ್ದೇ ಲ್ಯುಕೀಮಿಯಾ ಅಂದು ಗಾಬರಿ ಬೀಳಿಸ್ಬೇಡಿ. ಎಂ0, ಎಂ1ಕ್ಕೆ ಹೊರಗಡೆ ಗುರುತು ಅಂತ ಏನಿಲ್ಲ, ಫ್ಲೋ ಸೈಟೋಮೆಟ್ರಿ (ಕಣದ ಮೇಲಿನ ಗುರುತು ನೋಡೋ ಟೆಸ್ಟ್) ಥರದ ಲ್ಯಾಬ್ ಟೆಸ್ಟೇ ಗತಿ.

ಲ್ಯಾಬಿಗೆ ಸ್ಯಾಂಪಲ್ ಕಳಿಸ್ವಾಗ ನೇರಳೆ ಮುಚ್ಚಳದ ಟ್ಯೂಬ್ ಜೊತೆ ನೀಲಿದೂ ಕಳ್ಸಿ, ಇಲ್ಲಾಂದ್ರೆ ಪಿಟಿ ಮಾಡಕ್ಕಾಗಲ್ಲ, ಫಾರ್ಮಲ್ಲಿ ಬರೀ "ಜ್ವರ" ಅಂತ ಗೀಚೋ ಬದ್ಲು "ವಸಡು ಊತ" "ಸೂಜಿ ಚುಚ್ಚಿದ ಕಡೆ ಸೋರ್ತಿದೆ" ಅಂತ ಬರೀರಿ, ಸ್ಮಿಯರ್ ನೋಡೋರು ಅದನ್ನ ಓದಿ ಆವರ್ ರಾಡ್ ಹುಡುಕ್ತಾರೆ.