ಗೆರಟೆಯ (ತೆಂಗಿನ ಚಿಪ್ಪಿನ) ಬೆಂಕಿಯಲ್ಲಿ ಬೆಂದ ಇಟ್ಟಿಗೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಗೋಡೆಯೆಂದರೆ ಕೆಂಪುಕಲ್ಲಿನದೇ. ಆದ್ದರಿಂದ ಏಳನೆಯ ತರಗತಿಯ ನನ್ನ ಮಗಳು ವಿಜ್ಞಾನ ಮೇಳಕ್ಕೆ ಸುಟ್ಟ ಇಟ್ಟಿಗೆಯನ್ನು ಮನೆಯಲ್ಲೇ ತಯಾರಿಸಿ ತೋರಿಸುತ್ತೇನೆಂದು ಹೊರಟಾಗ, ಪರಿಚಯದ ಮೇಸ್ತ್ರಿಗಳೂ ಸೇರಿ ಎಲ್ಲರೂ ಒಂದೇ ಮಾತು ಹೇಳಿದರು: "ಈ ಊರಿನ ಮಣ್ಣು ಸೀಳುತ್ತದೆ, ಗೆರಟೆಯ ಬೆಂಕಿಗೆ ಇಟ್ಟಿಗೆ ಬೇಯುವುದಿಲ್ಲ, ಹತ್ತು ಹನ್ನೆರಡು ರೂಪಾಯಿ ಕೊಟ್ಟು ಪೇಟೆಯಿಂದ ಒಂದು ತಂದುಬಿಡಿ ಮಾರಾಯ್ರೆ." 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದೇ ಕರಾವಳಿಯ ಜೇಡಿಮಣ್ಣನ್ನು ನಂಬಿಕೊಂಡು. ಆ ಹಂಚು ನಮ್ಮ ಮಾಡಿನ ಮೇಲೆಯೇ ಇರುವಾಗ ಮಣ್ಣನ್ನು ದೂರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮೊದಲು ತಂದದ್ದು ಹೊಳೆಯ ಅಳಿವೆಯ ಹತ್ತಿರದ ಗದ್ದೆಯ ಮಣ್ಣು. ಅಚ್ಚಿನಿಂದ ಚೆನ್ನಾಗಿಯೇ ಬಿಟ್ಟಿತು. ಆದರೆ ಒಣಗುತ್ತ ಬಂದಂತೆ ಅಂಚಿನುದ್ದಕ್ಕೂ ಬಿಳಿಯ ಹುಡಿ ಎದ್ದಿತು, ನಾಲಿಗೆಗೆ ತಾಗಿಸಿದರೆ ಉಪ್ಪು. ಅದನ್ನು ಅಲ್ಲಿಗೇ ಬಿಟ್ಟು ಮೇಲಿನ ಬಯಲಿನ ಗದ್ದೆಯಿಂದ, ಬೇರು ಇರುವ ಮೇಲ್ಪದರ ತೆಗೆದು, ಮೊಣಕಾಲಾಳದ ಬೂದು ಮಣ್ಣನ್ನು ತಂದೆವು. ಬರಿಯ ಮಣ್ಣಾದರೆ ಒಣಗುವಾಗ ಅಡ್ಡಕ್ಕೆ ಸೀಳುತ್ತಿತ್ತು. ಹೊಳೆಯ ಹೊಯಿಗೆಯನ್ನು (ಮರಳನ್ನು) ಸುಮಾರು ಕಾಲುಭಾಗ ಬೆರೆಸಿದ ಮೇಲೆ ಸೀಳು ಕಡಿಮೆಯಾಯಿತು. ಪೂರ್ತಿ ನಿಂತದ್ದು ಇನ್ನೊಂದು ವಸ್ತುವನ್ನು ಒಂದು ಹಿಡಿಯಷ್ಟು ಸೇರಿಸಿದ ಮೇಲೆ. ಅದು ಯಾವುದೆಂಬುದನ್ನು ಮಗಳು ಮುಂದಿನ ವರ್ಷದ ಮೇಳಕ್ಕೆಂದು ಕಾದಿರಿಸಿದ್ದಾಳೆ. ನಾನೂ ಇಲ್ಲಿ ಹೇಳುವುದಿಲ್ಲ.

ಸುಟ್ಟಾದ ಮೇಲೆ 190, 90, 90 ಮಿಲಿಮೀಟರ್ ಉಳಿಯಬೇಕೆಂದು ಅಚ್ಚಿನ ಒಳಗಳತೆಯನ್ನು 205, 97, 97ರಷ್ಟು ಇಡಿಸಿದ್ದೆ. ಮಳೆಗಾಲ ಮುಗಿಯದ ಕಾರಣ ಒಣಗಿಸುವುದೇ ದೊಡ್ಡ ಕೆಲಸವಾಯಿತು. ಬಿಸಿಲು ಕಂಡ ದಿನ ಅಂಗಳದಲ್ಲಿಟ್ಟವುಗಳ ಮೇಲ್ಮೈ ಬೇಗ ಬಿಗಿದು, ಒಳಗಿನ ಹಸಿ ಹಿಂದೆ ಉಳಿದು, ಎಲ್ಲವೂ ಬಾಗಿದವು. ಅಡಿಕೆ ಹಾಳೆಯ ಮೇಲಿಟ್ಟು, ಒದ್ದೆ ಗೋಣಿ ಮುಚ್ಚಿ, ಮೂರು ನಾಲ್ಕು ದಿನದ ನಂತರ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಎರಡು ವಾರಕ್ಕೂ ಹೆಚ್ಚು ಬಿಟ್ಟವು ಮಾತ್ರ ನೇರವಾಗಿ ಉಳಿದವು. ತೂಕ ಇಳಿಯುವುದು ನಿಂತಿತೇ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ನೋಡುತ್ತಿರಬೇಕು. ಕೈಗೆ ಒಣಗಿದಂತೆ ಕಾಣುವುದನ್ನು ನಂಬಬಾರದು.

ಈ ತೇವವೇ ಮೊದಲ ಸುಡುವಿಕೆಯನ್ನು ಕೆಡಿಸಿತು. ಗುಂಡಿಯಲ್ಲಿಟ್ಟು ಗೆರಟೆ ಸುರಿದು ಬೆಂಕಿ ಕೊಟ್ಟು ಅರ್ಧ ಗಂಟೆಯೊಳಗೆ ಇಟ್ಟಿಗೆ ಗರ್ನಾಲಿನಂತೆ ಸಿಡಿಯಿತು. ಆಮೇಲೆ ಕೆಂಪುಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಚೌಕದ ಗೂಡು ಮಾಡಿ, ಒಳಮೈಗೆ ಒಡೆದ ಹಂಚು, ಸಂದಿಗೆ ಬೂದಿ, ಕೆಳಗೆ ಕಬ್ಬಿಣದ ಜಾಲಿ, ಜಾಲಿಯಡಿಗೆ ಬ್ಲೋವರಿನ ಕೊಳವೆ ಇಟ್ಟೆ. ಆ ಕೊಳವೆಯ ತೂತುಗಳನ್ನು ಹೇಗೆ ಕೊರೆದೆನೆಂಬುದು ನನ್ನ ಕೈಗುಣ. ಅದನ್ನು ಅವರವರೇ ಮಾಡಿ ಕಂಡುಕೊಳ್ಳಲಿ. ಮೊದಲು ರಾತ್ರಿಯಿಡೀ ಉಮಿಯನ್ನು ಹೊಗೆಯಾಡಿಸುತ್ತ ಇಟ್ಟಿಗೆಯನ್ನು ಬೆಚ್ಚಗಾಗಿಸಿ, ಬೆಳಿಗ್ಗೆಯಿಂದ ಗೆರಟೆ ಹಾಕಿ, ಐದಾರು ಗಂಟೆ ಗಾಳಿ ಕೊಟ್ಟೆ. ಮರುದಿನದವರೆಗೆ ಗೂಡು ಬಿಚ್ಚಲಿಲ್ಲ. 573 ಡಿಗ್ರಿಯ ಆಚೀಚೆ ಹೊಯಿಗೆಯ ಹರಳು ಒಮ್ಮೆಲೇ ಕುಗ್ಗುವುದರಿಂದ ಅವಸರದಲ್ಲಿ ತಣಿಸಿದ ಇಟ್ಟಿಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಬೆಂಕಿ ಸಾಲದೆಂದವರಿಗೆ ಉತ್ತರ ಕೊಟ್ಟದ್ದು ಮಗಳ ಉಪಾಯ. ಇಟ್ಟಿಗೆಯ ಪಕ್ಕದಲ್ಲಿ ಮಣ್ಣಿನ ತಟ್ಟೆಯೊಂದರಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಚೂರುಗಳನ್ನು ಇಟ್ಟಿದ್ದಳು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಸಾಮಾನ್ಯ ಹಿತ್ತಾಳೆ 900 ದಾಟಿದ ಮೇಲೆ, ತಾಮ್ರ 1085ಕ್ಕೆ. ಗೂಡು ಬಿಚ್ಚಿದಾಗ ಅಲ್ಯೂಮಿನಿಯಂ ಹರಡಿ ತಟ್ಟೆಗೆ ಅಂಟಿತ್ತು, ಹಿತ್ತಾಳೆಯ ಮೂಲೆಗಳು ಉರುಟಾಗಿ ಕುಸಿದಿದ್ದವು, ತಾಮ್ರ ಬರಿದೆ ಕಪ್ಪಾಗಿತ್ತು. ಇಟ್ಟಿಗೆ ಸುಡಲು ಬೇಕಾದ ಕಾವು ಸಿಕ್ಕಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗೂಡಿನ ಕೆಂಪುಕಲ್ಲುಗಳೂ ಹಂಚು ಸರಿದ ಕಡೆಯಲ್ಲೆಲ್ಲ ಹಳದಿ ಮಚ್ಚೆ ಅಳಿದು ಗಾಢ ಕೆಂಪಾಗಿ ಚಕ್ಕೆ ಎದ್ದಿದ್ದವು.

ಇಟ್ಟಿಗೆ ಒಂದಕ್ಕೊಂದು ತಟ್ಟಿದರೆ ಠಣ್ ಎನ್ನುತ್ತದೆ, ಉಗುರಿಗೆ ಗೀರು ಬೀಳುವುದಿಲ್ಲ. ಸುಮಾರು 2.7 ಕಿಲೋ ಇದ್ದದ್ದು ಒಂದು ದಿನ ನೀರಿನಲ್ಲಿಟ್ಟ ಮೇಲೆ 3.1ರ ಮೇಲೆ ತೂಗಿತು. ಅಂದರೆ ಹೀರಿದ ನೀರು ಒಣ ತೂಕದ ಶೇಕಡಾ 16ರ ಆಸುಪಾಸು. ಸಾಮಾನ್ಯ ಇಟ್ಟಿಗೆಗೆ ಶೇಕಡಾ 20ರವರೆಗೆ ಒಪ್ಪಿಗೆಯಿದೆ. ಇದನ್ನು ನೋಡಿದ ಮೇಸ್ತ್ರಿಯೊಬ್ಬರು ಎರಡು ಇಟ್ಟಿಗೆ ಕೇಳಿ ತೆಗೆದುಕೊಂಡು ಹೋದದ್ದು ನನಗೆ ಹೆಮ್ಮೆಯ ಸಂಗತಿ.

ಅದೇ ಗೂಡಿನಲ್ಲಿ ಬೇರೆಯವನ್ನೂ ನೋಡಿದೆವು. ಹೊಯಿಗೆಯ ಬದಲು ಕೆಂಪುಕಲ್ಲಿನ ಹುಡಿ ಹಾಕಿದ್ದು ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ, ಅಂಚು ಮಾತ್ರ ಉದುರುತ್ತದೆ. ತೆಂಗಿನ ನಾರಿನ ಹುಡಿ ಬೆರೆಸಿದ್ದು ಹಗುರವಾಯಿತು, ಆದರೆ ಒಡೆದರೆ ನಡುವೆ ಕರಿ. ಒಳಗಿನ ನಾರು ಉರಿದು ಮುಗಿಯುವಷ್ಟು ಗಾಳಿ ಅಲ್ಲಿಗೆ ತಲುಪಿರಲಿಲ್ಲ. ಉಮಿಯ ಬೂದಿಯ ಪ್ರಯೋಗ ಇನ್ನೂ ನಡೆಯುತ್ತಿದೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಹಲಸಿನ ಹಲಗೆಯ ಅಚ್ಚಿಗೆ ಆಚಾರಿಯವರಿಗೆ 350, ಹಳೆಯ ಬ್ಲೋವರಿಗೆ 800 ಅಥವಾ 900, ಜಾಲಿ ಮತ್ತು ಕೊಳವೆಗೆ 300ರಷ್ಟು. ಗೆರಟೆ ಮನೆಯದೇ, ಒಂದು ಸಲ ಸುಡಲು ಎರಡು ಗೋಣಿ, ಸುಮಾರು 40 ಕಿಲೋ ಬೇಕು. ಇದ್ದಿಲಿಗಾಗಿ ಗೆರಟೆ ಕೊಳ್ಳುವವರು ಮನೆಬಾಗಿಲಿಗೆ ಬರುವ ಈ ಕಾಲದಲ್ಲಿ ಅದೇ ದೊಡ್ಡ ಖರ್ಚು. ಹಾಗಾಗಿ ಒಂದು ಇಟ್ಟಿಗೆಗೆಂದು ಗೂಡು ಹೊತ್ತಿಸಬೇಡಿ, ನಾಲ್ಕನ್ನಾದರೂ ಒಟ್ಟಿಗೆ ಇಡಿ. ಮೇಳದ ದಿನಕ್ಕೆ ಒಂದು ತಿಂಗಳ ಮೊದಲೇ ಮಣ್ಣು ಕಲಸಿದರೆ ಅಟ್ಟದಲ್ಲಿ ಒಣಗಲು ಸಾಕಷ್ಟು ಸಮಯ ಸಿಗುತ್ತದೆ.