ಗ್ರೀಕರ ಸಂಪತ್ತಿನ ದೇವರು ಪ್ಲುಟಸ್: ಶಿಲ್ಪದಲ್ಲಿ ಗುರುತು ಹಿಡಿಯುವುದು ಹೇಗೆ?

ಮೊದಲು ನಮ್ಮ ಕುಬೇರನ ಡೊಳ್ಳು ಹೊಟ್ಟೆಯನ್ನು ಮರೆತುಬಿಡಿ. ಪ್ಲುಟಸ್ ಸಾಮಾನ್ಯವಾಗಿ ಪುಟ್ಟ ಹುಡುಗ, ಜೊತೆಗೊಂದು ದೊಡ್ಡ ಕೊಂಬು. ಕೊಂಬಿನ ಬಾಯಿ ನೋಡಿ. ದುಡ್ಡು ಇರುವುದಿಲ್ಲ, ಹಣ್ಣುಹಂಪಲು ತುಂಬಿರುತ್ತದೆ. ಇರಲೇಬೇಕಲ್ವಾ, ಅವನ ತಾಯಿ ಡಿಮೀಟರ್ ಬೆಳೆಯ ದೇವತೆ. ಕ್ರೀಟ್ ದ್ವೀಪದಲ್ಲಿ ಮೂರು ಸಲ ಉತ್ತ ಹೊಲದಲ್ಲಿ ಅವಳು ಇಯಾಸಿಯನ್ ಎಂಬ ವೀರನ ಜೊತೆ ಕೂಡಿದ್ದರಿಂದ ಹುಟ್ಟಿದವನು ಇವನು ಅಂತ ಕವಿ ಹೆಸಿಯಡ್ ಹೇಳುತ್ತಾನೆ.

ಕೊಂಬು ಹಿಡಿದವನಿಗೆ ಗಡ್ಡ ಇದ್ದರೆ ಅಲ್ಲೇ ನಿಲ್ಲಿ. ಅವನು ಪಾತಾಳದ ಒಡೆಯ ಹೇಡಿಸ್ ಇರಬಹುದು, ಅವನಿಗೆ ಪ್ಲೂಟೋ ಅಂತಲೂ ಹೆಸರು. ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಹುಡುಗನನ್ನು ಎತ್ತಿಕೊಂಡವಳು ಯಾರು ಅಂತ ನೋಡಿ. ತಾಯಿಯೇ ಆಗಬೇಕಿಲ್ಲ. ಥೀಬ್ಸ್‌ನಲ್ಲಿ ಅದೃಷ್ಟದೇವತೆ ಟೈಕಿ ಇವನನ್ನು ಎತ್ತಿಕೊಂಡಿದ್ದಳು. ಅಥೆನ್ಸ್‌ನಲ್ಲಿ ಎತ್ತಿಕೊಂಡವಳು ಶಾಂತಿದೇವತೆ ಐರೀನಿ: ಕ್ರಿ.ಪೂ. 370ರ ಆಸುಪಾಸಿನಲ್ಲಿ ಕೆಫಿಸೊಡೋಟಸ್ ಮಾಡಿದ ಶಿಲ್ಪ, ಮೂಲ ಉಳಿದಿಲ್ಲ, ರೋಮನ್ನರ ಕಾಲದ ಒಂದು ಪ್ರತಿ ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವಳು ತಲೆ ಬಾಗಿಸಿ ಎಡತೋಳಿನ ಮೇಲಿರುವ ಮಗುವಿನ ಕಡೆ ನೋಡುತ್ತಾಳೆ, ಮಗು ಅವಳ ಕಡೆಗೇ ಕೈ ಚಾಚಿದೆ. ಯುದ್ಧ ನಿಂತರೆ ಬೆಳೆ ಕೈಗೆ ಸಿಗುತ್ತದೆ ಅನ್ನುವುದನ್ನು ಇಷ್ಟು ಸಲೀಸಾಗಿ ಹೇಳಿದ ಶಿಲ್ಪ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಮಗುವಿನ ಕೈಯಲ್ಲಿರುವ ಹೂಜಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಅದು ದುರಸ್ತಿ ಮಾಡಿದವರು ಸೇರಿಸಿದ್ದು. ಅಲ್ಲಿ ಇದ್ದದ್ದು ಕೊಂಬು. ಆ ಕಾಲದ ಅಥೆನ್ಸಿನ ಜಾಡಿಗಳ ಮೇಲೆ ಇದೇ ಜೋಡಿಯ ಚಿತ್ರ ಇರುವುದರಿಂದ ಅದು ಗೊತ್ತಾಗಿದೆ.

ಪ್ಲುಟಸ್ ಕುರುಡ ಅಂತ ಓದಿರುತ್ತೀರಿ. ಈ ಶಿಲ್ಪಗಳಲ್ಲಿ ಸುಮ್ನೆ ಅದನ್ನು ಹುಡುಕಬೇಡಿ. ಆ ಕುರುಡು ಮುದುಕ ಸಿಗುವುದು ಅರಿಸ್ಟೊಫೇನಿಸ್‌ನ ನಾಟಕದಲ್ಲಿ, ಕ್ರಿ.ಪೂ. 388ರದ್ದು. ಒಳ್ಳೆಯವರ ಮನೆಗೆ ಮಾತ್ರ ಹೋಗುತ್ತೇನೆ ಅಂದಿದ್ದಕ್ಕೆ ದೇವತೆಗಳ ರಾಜ ಜ್ಯೂಸ್ ಅವನ ಕಣ್ಣು ಕಿತ್ತುಕೊಂಡಿರುತ್ತಾನೆ. ಕ್ರೆಮಿಲಸ್ ಎಂಬ ರೈತ ಅವನನ್ನು ವೈದ್ಯದೇವರು ಅಸ್ಕ್ಲೀಪಿಯಸ್‌ನ ಗುಡಿಯಲ್ಲಿ ಮಲಗಿಸುತ್ತಾನೆ, ರಾತ್ರಿ ಎರಡು ಹಾವು ಬಂದು ರೆಪ್ಪೆ ನೆಕ್ಕುತ್ತವೆ, ಕಣ್ಣು ಬರುತ್ತದೆ. ಒಳ್ಳೆಯವರೆಲ್ಲ ಸಾಹುಕಾರರಾದ ಮೇಲೆ ದೇವರಿಗೆ ಬಲಿ ಕೊಡುವವರೇ ಇರುವುದಿಲ್ಲ. ಹಸಿದ ದೇವದೂತ ಹರ್ಮಿಸ್ ಕ್ರೆಮಿಲಸ್‌ನ ಮನೆಗೇ ಕೆಲಸ ಕೇಳಿಕೊಂಡು ಬರುತ್ತಾನೆ, ಬಾವಿ ಹತ್ತಿರ ಹೋಗಿ ಬಲಿಪ್ರಾಣಿಯ ಕರುಳು ತೊಳಿ ಅಂತ ಅವನನ್ನು ಕಳಿಸುತ್ತಾರೆ.